ಎಲ್‌ಇಡಿ ದೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್‌ಇಡಿ ಬಲ್ಬ್ ಕೆಟ್ಟಾಗ ಜನ ಬೈಯುವುದು ಎಲ್‌ಇಡಿಯನ್ನು. ಆದರೆ ಹೆಚ್ಚಿನ ಸಲ ತಪ್ಪು ಇರುವುದು ಅದರ ಹಿಂದಿನ ಡ್ರೈವರ್‌ನಲ್ಲಿ (ಮನೆಯ ವಿದ್ಯುತ್ತನ್ನು ಎಲ್‌ಇಡಿಗೆ ತಕ್ಕಂತೆ ಮಾರ್ಪಡಿಸುವ ಸರ್ಕ್ಯೂಟ್), ಇಲ್ಲವೇ ಬಿಸಿ ಹೊರಹೋಗಲು ದಾರಿ ಕೊಡದ ಫಿಟ್ಟಿಂಗ್‌ನಲ್ಲಿ. ಕೆಳಗಿನ ಪ್ರಶ್ನೆಗಳಲ್ಲಿ ಬಹಳಷ್ಟು ಕೊನೆಗೆ ಈ ಎರಡಕ್ಕೇ ಬಂದು ನಿಲ್ಲುತ್ತವೆ. ಮೊದಲು ತಳಹದಿಯ ಪ್ರಶ್ನೆಗಳಿವೆ, ಆಮೇಲೆ ಕೊಳ್ಳುವಾಗಿನವು, ನಂತರ ತೊಂದರೆಗಳು, ಕೊನೆಗೆ ಸ್ವಲ್ಪ ಆಳದವು. ಯಾವುದನ್ನು ಬೇಕಾದರೂ ನೇರವಾಗಿ ಓದಿಕೊಳ್ಳಬಹುದು.

## ತಳಹದಿ

ಒಳಗೆ ಕಾಯುವ ತಂತಿ ಇಲ್ಲ, ಅನಿಲ ಇಲ್ಲ. ಮತ್ತೆ ಬೆಳಕು ಎಲ್ಲಿಂದ ಬರುತ್ತೆ?

ಎಲ್‌ಇಡಿ ಎಂಬುದು ಒಂದು ಅರೆವಾಹಕ ಡಯೋಡ್. ಅದರ ಒಂದು ಪದರದಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚಿರುತ್ತವೆ, ಪಕ್ಕದ ಪದರದಲ್ಲಿ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು, ಅಂದರೆ ರಂಧ್ರಗಳು, ಹೆಚ್ಚಿರುತ್ತವೆ. ಸರಿಯಾದ ದಿಕ್ಕಿನಲ್ಲಿ ವೋಲ್ಟೇಜ್ ಕೊಟ್ಟಾಗ ಎರಡೂ ನಡುವಿನ ತೆಳು ಪದರಕ್ಕೆ ಬಂದು ಸೇರುತ್ತವೆ. ಎಲೆಕ್ಟ್ರಾನ್ ರಂಧ್ರಕ್ಕೆ ಬಿದ್ದಾಗ ಅದರಲ್ಲಿದ್ದ ಹೆಚ್ಚಿನ ಶಕ್ತಿ ಒಂದು ಫೋಟಾನ್ (ಬೆಳಕಿನ ಕಣ) ಆಗಿ ಹೊರಬರುತ್ತದೆ.

ಬಣ್ಣವನ್ನು ನಿರ್ಧರಿಸುವುದು ಈ ಜಿಗಿತದ ಎತ್ತರ. ಲೆಕ್ಕ ಸುಲಭ: 1240ನ್ನು ನ್ಯಾನೊಮೀಟರ್‌ನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಶಕ್ತಿ ಸಿಗುತ್ತದೆ. 450 ನ್ಯಾನೊಮೀಟರಿನ ನೀಲಿಗೆ ಸುಮಾರು 2.76, 660ರ ಕೆಂಪಿಗೆ ಸುಮಾರು 1.88. ನೀಲಿ ಎಲ್‌ಇಡಿಗೆ 3 ವೋಲ್ಟ್ ಆಸುಪಾಸು, ಕೆಂಪಿಗೆ 2 ವೋಲ್ಟ್ ಆಸುಪಾಸು ಬೇಕಾಗುವುದು ಇದಕ್ಕೇ. ಕಂಪ್ಯೂಟರ್ ಚಿಪ್‌ಗಳಲ್ಲಿರುವ ಸಿಲಿಕಾನ್‌ನಿಂದ ದೀಪ ಮಾಡಲು ಆಗದು. ಅದರಲ್ಲಿ ಈ ಶಕ್ತಿ ಬಹುಪಾಲು ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. ದೀಪಕ್ಕೆ ಗ್ಯಾಲಿಯಂ ನೈಟ್ರೈಡ್‌ನಂಥ ಸಂಯುಕ್ತಗಳೇ ಬೇಕು.

ಚಿಪ್ ಕೊಡೋದು ನೀಲಿ ಬೆಳಕು ಅಂತಾರೆ. ನನಗೆ ಕಾಣೋದು ಬಿಳಿ. ಇದು ಹೇಗೆ?

ಆರಿದ ಬಲ್ಬಿನ ಮುಚ್ಚಳ ತೆಗೆದು ನೋಡಿದರೆ ಪ್ರತಿ ಎಲ್‌ಇಡಿಯ ಮೇಲೂ ಹಳದಿ ಲೇಪ ಕಾಣುತ್ತದೆ. ಅದು ಫಾಸ್ಫರ್. ಸಾಮಾನ್ಯವಾಗಿ ಸೀರಿಯಂ ಬೆರೆಸಿದ ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್. ಚಿಪ್‌ನ ನೀಲಿ ಬೆಳಕಿನಲ್ಲಿ ಒಂದು ಪಾಲನ್ನು ಇದು ಹೀರಿಕೊಂಡು ಹಸಿರಿನಿಂದ ಕೆಂಪಿನ ಅಂಚಿನವರೆಗೆ ಹರಡಿದ ಹಳದಿ ಬೆಳಕಾಗಿ ಬಿಡುತ್ತದೆ. ಹಾಗೇ ತೂರಿ ಬಂದ ನೀಲಿ ಮತ್ತು ಈ ಹಳದಿ ಸೇರಿ ಕಣ್ಣಿಗೆ ಬಿಳಿಯಾಗುತ್ತದೆ. ಲೇಪ ದಪ್ಪವಾಗಿದ್ದು, ಜೊತೆಗೆ ಕೆಂಪು ಕೊಡುವ ಫಾಸ್ಫರ್ ಬೆರೆಸಿದ್ದರೆ ಬೆಚ್ಚಗಿನ ಹಳದಿ ಬಿಳಿ. ಲೇಪ ತೆಳುವಾಗಿದ್ದರೆ ನೀಲಿ ಛಾಯೆಯ ಬಿಳಿ.

ಕೆಂಪು ಎಲ್‌ಇಡಿ ಅರವತ್ತರ ದಶಕದಲ್ಲೇ ಬಂದಿತ್ತಲ್ಲ. ಮನೆ ದೀಪ ಆಗೋಕೆ ಇಷ್ಟು ವರ್ಷ ಯಾಕೆ ಬೇಕಾಯ್ತು?

ನೀಲಿ ಇಲ್ಲದೆ ಬಿಳಿ ಇಲ್ಲ, ನೀಲಿ ಮಾತ್ರ ಯಾರ ಕೈಗೂ ಸುಲಭಕ್ಕೆ ಸಿಗಲಿಲ್ಲ. ಹರಳಿಗೆ ವಿದ್ಯುತ್ ಹರಿಸಿದಾಗ ಅದು ಮಿಣುಕುವುದನ್ನು ಹೆನ್ರಿ ರೌಂಡ್ 1907ರಲ್ಲೇ ಗಮನಿಸಿದ್ದರು. ರಷ್ಯಾದ ಒಲೆಗ್ ಲೋಸೆವ್ 1920ರ ದಶಕದಲ್ಲಿ ಅದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದರು. ನಿಕ್ ಹೊಲೊನ್ಯಾಕ್ 1962ರಲ್ಲಿ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು.

ನೀಲಿಗೆ ಗ್ಯಾಲಿಯಂ ನೈಟ್ರೈಡ್ ಸೂಕ್ತ ಎಂಬುದು ಗೊತ್ತಿತ್ತು. ತೊಡಕುಗಳು ಎರಡು. ಒಂದು, ಅದನ್ನು ಬೆಳೆಸುವ ನೀಲಮಣಿಯ ತಟ್ಟೆಗೂ ಅದರ ಹರಳಿನ ಜೋಡಣೆಗೂ ಹೊಂದಾಣಿಕೆ ಇರಲಿಲ್ಲ. ಹಾಗಾಗಿ ಪದರ ಬಿರುಕು ಬಿಡುತ್ತಿತ್ತು. ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ 1986ರಲ್ಲಿ ನಡುವೆ ಅಲ್ಯೂಮಿನಿಯಂ ನೈಟ್ರೈಡ್‌ನ ತೆಳು ಪದರವಿಟ್ಟು ಇದನ್ನು ಬಗೆಹರಿಸಿದರು. ಎರಡು, ರಂಧ್ರಗಳು ಹೆಚ್ಚಿರುವ ಪದರ ಮಾಡಲು ಮೆಗ್ನೀಷಿಯಂ ಬೆರೆಸಿದರೂ ಅದು ಕೆಲಸ ಮಾಡುತ್ತಿರಲಿಲ್ಲ. ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಸರಿಹೋಗುತ್ತದೆ ಎಂದು ಅವರೇ 1989ರಲ್ಲಿ ತೋರಿಸಿದರು. ಮೆಗ್ನೀಷಿಯಂ ಅನ್ನು ಕಟ್ಟಿಹಾಕುತ್ತಿದ್ದದ್ದು ಹೈಡ್ರೋಜನ್, ಬರಿ ಕಾಯಿಸಿದರೂ ಅದು ಹೊರಹೋಗುತ್ತದೆ ಎಂದು ಶುಜಿ ನಕಾಮುರಾ 1992ರಲ್ಲಿ ತೋರಿಸಿದರು. ಪ್ರಖರ ನೀಲಿ ಎಲ್‌ಇಡಿ 1993ರಲ್ಲಿ ಬಂತು, ಫಾಸ್ಫರ್ ಲೇಪಿತ ಬಿಳಿ ಎಲ್‌ಇಡಿ 1996ರಲ್ಲಿ. ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಆ ಸಲದ ಪ್ರಶಸ್ತಿ ನಿಜಕ್ಕೂ ಮನೆಮನೆ ಮುಟ್ಟಿದ ಕೆಲಸಕ್ಕೆ ಸಂದಿತ್ತು.

ಎಲ್‌ಇಡಿ ತಣ್ಣಗಿರುತ್ತೆ ಅಂತಾರೆ. ನಮ್ಮ ಬಲ್ಬಿನ ಬುಡ ಮುಟ್ಟೋಕಾಗಲ್ಲ. ಇದು ಸರಿಯಾ?

ಸರಿಯೇ. 9 ವಾಟ್ ಬಲ್ಬ್ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 3 ವಾಟ್ ಬೆಳಕಾಗುತ್ತದೆ, ಮಿಕ್ಕ 6 ವಾಟ್ ಬಿಸಿಯೇ. ಹಳೆಯ ತಂತಿಯ ಬಲ್ಬ್ ತನ್ನ ಶಾಖವನ್ನು ಬಹುಪಾಲು ಅವಗೆಂಪು ಕಿರಣವಾಗಿ ಎದುರಿಗೆ ಎಸೆಯುತ್ತಿತ್ತು. ಎಲ್‌ಇಡಿ ಹಾಗೆ ಎಸೆಯಲಾರದು. ಅದರ ಬೆಳಕಿನಲ್ಲಿ ಶಾಖವಿಲ್ಲ, ಶಾಖವೆಲ್ಲ ಚಿಪ್‌ನ ಬೆನ್ನಿನಿಂದ ಅಲ್ಯೂಮಿನಿಯಂ ಹಲಗೆಗೆ, ಅಲ್ಲಿಂದ ಬಲ್ಬಿನ ಮೈಗೆ, ಅಲ್ಲಿಂದ ಗಾಳಿಗೆ ಹರಿಯಬೇಕು. ಆದ್ದರಿಂದ ಮೈ ಬಿಸಿಯಾಗಿದ್ದರೆ ಶಾಖ ಹೊರಬರುತ್ತಿದೆ ಎಂದೇ ಅರ್ಥ. ಹೆಚ್ಚು ವಾಟ್‌ನ ಬಲ್ಬಿನ ಮೈ ತಣ್ಣಗೇ ಇದ್ದರೆ ನಾವು ಅನುಮಾನಿಸುತ್ತೇವೆ: ಬಿಸಿ ಒಳಗೇ ಉಳಿದಿದೆಯೋ ಏನೋ ಎಂದು.

## ಕೊಳ್ಳುವಾಗ

60 ವಾಟ್ ಬಲ್ಬ್ ಇದ್ದ ಜಾಗಕ್ಕೆ ಎಷ್ಟು ವಾಟ್ ಎಲ್‌ಇಡಿ ಹಾಕಲಿ?

ವಾಟ್ ಬಿಡಿ, ಲ್ಯೂಮೆನ್ ನೋಡಿ. ವಾಟ್ ಹೇಳುವುದು ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನು. ಬೆಳಕಿನ ಅಳತೆ ಲ್ಯೂಮೆನ್. ಹಳೆಯ 40 ವಾಟ್ ಬಲ್ಬ್ 400 ಲ್ಯೂಮೆನ್‌ಗೆ ತುಸು ಹೆಚ್ಚು ಕೊಡುತ್ತಿತ್ತು, 60 ವಾಟಿನದು 700ರಿಂದ 800, 100 ವಾಟಿನದು 1300ರಿಂದ 1500. ಸಾಮಾನ್ಯ ಎಲ್‌ಇಡಿ ಬಲ್ಬ್ ಪ್ರತಿ ವಾಟಿಗೆ 80ರಿಂದ 110 ಲ್ಯೂಮೆನ್ ಕೊಡುತ್ತದೆ. ಹಾಗಾಗಿ 60 ವಾಟ್ ಜಾಗಕ್ಕೆ 7ರಿಂದ 9 ವಾಟ್ ಸಾಕು. ಒಂದೇ 9 ವಾಟಿನ ಎರಡು ಬಲ್ಬ್‌ಗಳಲ್ಲಿ ಒಂದು 720, ಇನ್ನೊಂದು 990 ಲ್ಯೂಮೆನ್ ಇರಬಹುದು. ಡಬ್ಬಿಯ ಮೇಲೆ ಲ್ಯೂಮೆನ್ ಬರೆದಿಲ್ಲವಾದರೆ ಆ ಬಲ್ಬ್ ಬೇಡ.

ಒಂದು ಕೋಣೆಗೆ ಒಟ್ಟು ಎಷ್ಟು ಲ್ಯೂಮೆನ್ ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಮೇಲ್ಮೈ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರ್ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ಮಲಗುವ ಕೋಣೆಗೆ 100 ಲಕ್ಸ್ ಸಾಕು, ಅಡುಗೆಮನೆಗೆ 200ರಿಂದ 300, ಓದುವ ಮೇಜಿನ ಮೇಲೆ 300ರಿಂದ 500 ಇರಲಿ.

ಕೋಣೆಯ ಚದರ ಮೀಟರನ್ನು ಬೇಕಾದ ಲಕ್ಸ್‌ನಿಂದ ಗುಣಿಸಿ. ಬಂದದ್ದನ್ನು 0.48ರಿಂದ ಭಾಗಿಸಿ. ಗೋಡೆ, ಸೂರು, ಫಿಟ್ಟಿಂಗ್ ನುಂಗಿದ ಮೇಲೆ ಉಳಿಯುವ ಪಾಲು ಸುಮಾರು 0.6, ಧೂಳು ಮತ್ತು ವಯಸ್ಸಿಗೆ 0.8. ಎರಡರ ಗುಣಲಬ್ಧ ಈ 0.48. ಉದಾಹರಣೆಗೆ 12 ಚದರ ಮೀಟರ್ ಮಲಗುವ ಕೋಣೆಗೆ 1200 ಭಾಗಿಸು 0.48, ಅಂದರೆ 2500 ಲ್ಯೂಮೆನ್. ಅದನ್ನು ಒಂದೇ ದೀಪದಲ್ಲಿ ತರುವ ಬದಲು ಎರಡು ಮೂರಕ್ಕೆ ಹಂಚಿದರೆ ನೆರಳು ಕಡಿಮೆ. ಗೋಡೆಗೆ ಗಾಢ ಬಣ್ಣ ಬಳಿದಿದ್ದರೆ 0.6ರ ಬದಲು 0.4 ಹಿಡಿಯಿರಿ.

ವಾರ್ಮ್ ವೈಟ್, ಕೂಲ್ ಡೇಲೈಟ್: ಯಾವುದು ತಗೊಳ್ಳಲಿ? ಬೆಳ್ಳಗಿರೋದೇ ಜಾಸ್ತಿ ಬೆಳಕಲ್ವಾ?

ಬಿಳಿಯ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700ರಿಂದ 3000 ಕೆಲ್ವಿನ್ ಅಂದರೆ ಹಳೆಯ ಬಲ್ಬಿನಂಥ ಹಳದಿ ಬಿಳಿ, 4000 ನಡುವಿನದು, 6500 ಮೋಡ ಕವಿದ ಹಗಲಿನ ನೀಲಿ ಬಿಳಿ. 6500ರದು ಒಂದೇ ವಾಟಿಗೆ ಸ್ವಲ್ಪ ಹೆಚ್ಚು ಲ್ಯೂಮೆನ್ ಕೊಡುವುದು ನಿಜ, ಏಕೆಂದರೆ ಅದರಲ್ಲಿ ಫಾಸ್ಫರ್ ಕಡಿಮೆ. ಆದರೆ ಆ ವ್ಯತ್ಯಾಸ ಕಣ್ಣಿಗೆ ತಿಳಿಯುವಷ್ಟಲ್ಲ. ನಮ್ಮ ಸಲಹೆ: ಸಂಜೆಯ ನಂತರ ಕೂರುವ, ಮಲಗುವ ಕೋಣೆಗಳಿಗೆ 2700 ಅಥವಾ 3000, ಅಡುಗೆ ಮತ್ತು ಕೆಲಸದ ಮೇಜಿಗೆ 4000. ಮನೆಯೊಳಗೆ 6500 ಬೇಕಾಗುವ ಜಾಗ ಅಪರೂಪ. ಒಂದೇ ಕೋಣೆಯಲ್ಲಿ ಎರಡು ಬಗೆ ಬೆರೆಸಬೇಡಿ, ಎರಡೂ ಕೆಟ್ಟದಾಗಿ ಕಾಣುತ್ತವೆ.

ಹೊಸ ಬಲ್ಬಿನಡಿ ಮುಖ ಬಿಳಿಚಿಕೊಂಡಂತೆ, ಕೆಂಪು ಬಟ್ಟೆ ಕಂದು ಬಣ್ಣಕ್ಕೆ ಕಾಣುತ್ತೆ. ಕಣ್ಣಿನ ತೊಂದರೆನಾ?

ಅಲ್ಲ, ಬಲ್ಬಿನದೇ. ಡಬ್ಬಿಯ ಮೇಲೆ ಸಿಆರ್‌ಐ ಅಥವಾ ಆರ್‌ಎ ಎಂಬ ಸಂಖ್ಯೆ ಹುಡುಕಿ. ಬೆಳಕು ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದರ ಅಂಕ ಅದು, 100 ಅತಿ ಹೆಚ್ಚು. ಇದನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ, ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದು ಒಂಬತ್ತನೆಯದು, ಆರ್9. ನೀಲಿ ಮತ್ತು ಹಳದಿ ಮಾತ್ರ ಇರುವ ಬಲ್ಬ್ 80ರ ಅಂಕ ಗಳಿಸಿಯೂ ಆರ್9ರಲ್ಲಿ ಸೊನ್ನೆಯ ಹತ್ತಿರ ಇರಬಲ್ಲದು. ಚರ್ಮ, ಮಾಂಸ, ಟೊಮೆಟೊ, ಮರ, ಎಲ್ಲದರ ಜೀವಂತಿಕೆ ಕೆಂಪಿನಲ್ಲಿದೆ. ಕನ್ನಡಿಯ ಮುಂದೆ, ಅಡುಗೆ ಕಟ್ಟೆಯ ಮೇಲೆ, ಬಟ್ಟೆ ಆರಿಸುವಲ್ಲಿ ಸಿಆರ್‌ಐ 90, ಆರ್9 ಕನಿಷ್ಠ 50 ಇರುವುದನ್ನು ಹಾಕಿ.

25,000 ಗಂಟೆ ಬಾಳಿಕೆ ಅಂತ ಬರೆದಿತ್ತು. ವರ್ಷ ತುಂಬೋ ಮೊದಲೇ ಕೆಟ್ಟುಹೋಯ್ತು. ಇದು ಮೋಸ ಅಲ್ವಾ?

ದಿನಕ್ಕೆ 5 ಗಂಟೆ ಉರಿಸಿದರೆ 25,000 ಗಂಟೆ ಎಂದರೆ ಸುಮಾರು 13 ವರ್ಷ 8 ತಿಂಗಳು. ಅಷ್ಟು ವರ್ಷ ಯಾರೂ ಪರೀಕ್ಷೆ ಮಾಡುವುದಿಲ್ಲ. ಎಲ್‌ಇಡಿ ಚಿಪ್‌ಗಳನ್ನು ಕನಿಷ್ಠ 6,000 ಗಂಟೆ ಉರಿಸಿ, ಬೆಳಕು ಎಷ್ಟು ಕುಗ್ಗಿತು ಎಂದು ಅಳೆದು, ಮುಂದಿನದನ್ನು ಲೆಕ್ಕದಿಂದ ಅಂದಾಜಿಸುತ್ತಾರೆ. ಪರೀಕ್ಷೆಯ ಅವಧಿಯ ಆರು ಪಟ್ಟಿಗಿಂತ ಮುಂದಕ್ಕೆ ಹೇಳುವಂತಿಲ್ಲ ಎಂಬುದು ರೂಢಿಯಲ್ಲಿರುವ ನಿಯಮ. ಬೆಳಕು ಮೊದಲಿನ 70 ಪ್ರತಿಶತಕ್ಕೆ ಇಳಿಯುವ ಹೊತ್ತನ್ನು ಎಲ್70 ಎನ್ನುತ್ತಾರೆ. ಡಬ್ಬಿಯ ಸಂಖ್ಯೆ ಬಹಳ ಸಲ ಅದೇ. ಅದು ಚಿಪ್ ಮಂಕಾಗುವ ಲೆಕ್ಕ. ಡ್ರೈವರ್ ಯಾವಾಗ ಸಾಯುತ್ತದೆ ಎಂಬುದು ಅದರಲ್ಲಿ ಇಲ್ಲ.

ಡ್ರೈವರ್‌ನಲ್ಲಿ ಮೊದಲು ಸೋಲುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಟ್ಟು ಏರಿಳಿತ ತಗ್ಗಿಸುವ ಬಿಡಿಭಾಗ. ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಆವಿಯಾಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧವಾಗುತ್ತದೆ, 10 ಡಿಗ್ರಿ ಇಳಿದರೆ ಎರಡರಷ್ಟಾಗುತ್ತದೆ. ಅಂದರೆ ತೆರೆದ ಹೋಲ್ಡರ್‌ನಲ್ಲಿ 75 ಡಿಗ್ರಿಯಲ್ಲಿರುವ ಕೆಪಾಸಿಟರ್ ಗಾಜಿನ ಮುಚ್ಚಿದ ಬುರುಡೆಯೊಳಗೆ 95ಕ್ಕೆ ಏರಿದರೆ ಆಯಸ್ಸು ಕಾಲು ಭಾಗ. ಬುಡ ಮೇಲೆ ಮಾಡಿ ಮುಚ್ಚಿದ ಫಿಟ್ಟಿಂಗ್‌ನಲ್ಲಿ ತೂಗುಹಾಕಿದ ಬಲ್ಬ್‌ಗಳು ಬೇಗ ಹೋಗುವುದು ಇದೇ ಕಾರಣಕ್ಕೆ: ಬಿಸಿ ಗಾಳಿ ಮೇಲೇರಿ ಡ್ರೈವರ್ ಇರುವ ಬುಡದಲ್ಲೇ ನಿಲ್ಲುತ್ತದೆ.

ಎರಡನೆಯ ಕಾರಣ, ಬಲ್ಬಿನ ಎಲ್‌ಇಡಿಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಕಡಿಮೆ ಎಲ್‌ಇಡಿಗಳಿಂದ ಹೆಚ್ಚು ಬೆಳಕು ಹಿಂಡಲು ಅತಿ ಕರೆಂಟ್ ಕೊಟ್ಟಿದ್ದರೆ ಒಂದು ಸುಡುತ್ತದೆ, ಆಗ ಸರಣಿಯೆಲ್ಲ ಆರುತ್ತದೆ. ಮೂರನೆಯದು ವೋಲ್ಟೇಜ್ ಏರಿಳಿತ. ಅಗ್ಗದ ಬಲ್ಬ್‌ಗಳಲ್ಲಿ ಅದನ್ನು ತಡೆಯುವ ವ್ಯಾರಿಸ್ಟರ್ ಇರುವುದೇ ಇಲ್ಲ.

ಗಾಜಿನ ಬುರುಡೆಯೊಳಗೆ ಹಳದಿ ಕಡ್ಡಿಗಳಿರೋ ಬಲ್ಬ್ ಚೆನ್ನಾಗಿರುತ್ತಾ? ಅದಕ್ಕೆ ಅಲ್ಯೂಮಿನಿಯಂ ಮೈಯೇ ಇಲ್ಲವಲ್ಲ?

ಪ್ರತಿ ಕಡ್ಡಿಯಲ್ಲೂ ಹತ್ತಾರು ಪುಟ್ಟ ಚಿಪ್‌ಗಳು ಸರಣಿಯಲ್ಲಿರುತ್ತವೆ, ಒಂದೊಂದಕ್ಕೂ ಬಹಳ ಕಡಿಮೆ ಕರೆಂಟ್. ಬುರುಡೆಯಲ್ಲಿ ತುಂಬಿರುವುದು ಹೀಲಿಯಂ ಬೆರೆತ ಅನಿಲ. ಹೀಲಿಯಂ ಗಾಳಿಗಿಂತ ಎಷ್ಟೋ ಚೆನ್ನಾಗಿ ಶಾಖ ಸಾಗಿಸುವುದರಿಂದ ಕಡ್ಡಿಯ ಬಿಸಿ ಗಾಜಿಗೆ ಮುಟ್ಟುತ್ತದೆ. ಬೆಳಕು ಸುತ್ತಲೂ ಹರಡುತ್ತದೆ, ದಕ್ಷತೆಯೂ ಒಳ್ಳೆಯದು. ಕೊರತೆ ಒಂದೇ: ಡ್ರೈವರ್‌ಗೆ ಸಿಗುವ ಜಾಗ ತಿರುಪಿನ ಬುಡದಷ್ಟೇ ಇರುವುದರಿಂದ ಅಗ್ಗದವುಗಳಲ್ಲಿ ಮಿನುಗಾಟ ಹೆಚ್ಚು.

## ತೊಂದರೆಗಳು

ಸ್ವಿಚ್ ಆಫ್ ಮಾಡಿದ್ರೂ ರಾತ್ರಿ ಮಂದವಾಗಿ ಉರೀತಾನೇ ಇರುತ್ತೆ. ಕರೆಂಟ್ ಸೋರ್ತಿದೆಯಾ?

ಎಲ್‌ಇಡಿ ಮಿಣುಕಲು ಮೈಕ್ರೊ ಆಂಪಿಯರ್‌ಗಳಷ್ಟು ಕರೆಂಟ್ ಸಾಕು. ಅದು ಬರುವ ದಾರಿ ಮೂರು. ಸ್ವಿಚ್‌ನಲ್ಲಿ ಪುಟ್ಟ ಸೂಚಕ ದೀಪವಿದ್ದರೆ ಅದರ ಮೂಲಕ. ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್‌ಗೆ ಕೊಟ್ಟಿದ್ದರೆ ಬಲ್ಬ್ ಸದಾ ಫೇಸ್‌ಗೆ ತಗುಲಿಕೊಂಡಿರುವುದರಿಂದ. ಇಲ್ಲವೇ ಎರಡು ತಂತಿಗಳು ದೂರದವರೆಗೆ ಒಂದೇ ಪೈಪಿನಲ್ಲಿ ಜೊತೆಯಾಗಿ ಓಡಿದಾಗ ಅವುಗಳ ನಡುವಿನ ಧಾರಕತೆಯಿಂದ (ಜೋಡಿ ತಂತಿಗಳೇ ಪುಟ್ಟ ಕೆಪಾಸಿಟರ್‌ನಂತೆ ವರ್ತಿಸುವುದರಿಂದ).

ಮೊದಲು ಟೆಸ್ಟರ್‌ನಿಂದ ಸ್ವಿಚ್ ಪರೀಕ್ಷಿಸಿ. ನ್ಯೂಟ್ರಲ್ ಅನ್ನು ಸ್ವಿಚ್ ಮಾಡಿದ್ದರೆ ಎಲೆಕ್ಟ್ರಿಷಿಯನ್‌ರಿಂದ ಇಂದೇ ಸರಿಪಡಿಸಿ. ಆರಿದ ದೀಪದ ಹೋಲ್ಡರ್‌ನಲ್ಲೂ ಫೇಸ್ ಇರುತ್ತದೆ, ಬಲ್ಬ್ ಬದಲಿಸುವವರ ಜೀವಕ್ಕೆ ಅಪಾಯ. ಮಿಕ್ಕ ಎರಡು ಅಪಾಯಕಾರಿಯಲ್ಲ. ಸೂಚಕ ದೀಪ ತೆಗೆಸಬಹುದು, ಅಥವಾ ಹೋಲ್ಡರ್‌ನ ಎರಡು ತುದಿಗಳ ನಡುವೆ ಎಕ್ಸ್2 ದರ್ಜೆಯ (ಮೇನ್ಸ್ ವಿದ್ಯುತ್ತಿಗೆ ನೇರ ಹಾಕಲೆಂದೇ ಮಾಡಿದ) 0.1ರಿಂದ 0.22 ಮೈಕ್ರೊಫ್ಯಾರಡ್ ಕೆಪಾಸಿಟರನ್ನು 100 ಓಮ್ ರೆಸಿಸ್ಟರ್ ಜೊತೆ ಸರಣಿಯಲ್ಲಿ ಹಾಕಿಸಬಹುದು. ಎಕ್ಸ್2 ಅಲ್ಲದ ಮಾಮೂಲಿ ಕೆಪಾಸಿಟರ್ ಇಲ್ಲಿ ಸಲ್ಲದು. ಅದು ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು.

ಫೋನ್ ಕ್ಯಾಮೆರಾದಲ್ಲಿ ನೋಡಿದ್ರೆ ಬೆಳಕು ಪಟ್ಟೆ ಪಟ್ಟೆಯಾಗಿ ಓಡುತ್ತೆ. ಕಣ್ಣಿಗೆ ಕಾಣಲ್ಲ. ಚಿಂತೆ ಮಾಡಬೇಕಾ?

50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಬೆಳಕು ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವಲ್ಲಿ 120 ಸಲ ಏರಿ ಇಳಿಯುತ್ತದೆ. ತಂತಿಯ ಬಲ್ಬ್‌ನಲ್ಲಿ ಕಾದ ತಂತಿ ಅಷ್ಟು ಬೇಗ ಆರದ್ದರಿಂದ ಏರಿಳಿತ ಅಲ್ಪ. ಎಲ್‌ಇಡಿಗೆ ಅಂಥ ಜಡತೆ ಇಲ್ಲ, ಕರೆಂಟ್ ನಿಂತ ಕ್ಷಣವೇ ಬೆಳಕೂ ನಿಲ್ಲುತ್ತದೆ. ಡ್ರೈವರ್‌ನಲ್ಲಿ ಸಾಕಷ್ಟು ಕೆಪಾಸಿಟರ್ ಇಲ್ಲದಿದ್ದರೆ ದೀಪ ಸೆಕೆಂಡಿಗೆ 100 ಸಲ ಪೂರ್ತಿ ಆರಿ ಹೊತ್ತುತ್ತದೆ.

ಕಣ್ಣು ಇದನ್ನು ನೇರವಾಗಿ ಗುರುತಿಸದು. ಆದರೆ ಕೆಲವರಿಗೆ ತಲೆನೋವು, ಕಣ್ಣಿನ ದಣಿವು ಬರುತ್ತದೆ. ತಿರುಗುವ ಯಂತ್ರಗಳ ಹತ್ತಿರ ಇನ್ನೂ ಕೆಟ್ಟದ್ದು: ಲೇತ್‌ನ ಚಕ್ ತಿರುಗುತ್ತಿದ್ದರೂ ನಿಂತಂತೆ ಕಾಣಬಹುದು. ಐಇಇಇ 1789 ಎಂಬ 2015ರ ಶಿಫಾರಸು ಒಂದು ಲೆಕ್ಕ ಕೊಡುತ್ತದೆ. ಗರಿಷ್ಠ ಮತ್ತು ಕನಿಷ್ಠ ಬೆಳಕಿನ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿ ಪ್ರತಿಶತ ತೆಗೆಯಿರಿ. 100 ಹರ್ಟ್ಸ್‌ನಲ್ಲಿ ಅದು 8 ಪ್ರತಿಶತದೊಳಗಿದ್ದರೆ ಅಪಾಯ ಕಡಿಮೆ.

ಮನೆಯಲ್ಲೇ ಪರೀಕ್ಷಿಸಲು ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಟ್ಟು ದೀಪ ಬಿದ್ದ ಬಿಳಿ ಗೋಡೆ ನೋಡಿ. ಗಾಢ ಕಪ್ಪು ಪಟ್ಟೆ ಕಂಡರೆ ಆ ದೀಪ ಓದುವ ಮೇಜಿಗೆ ಬೇಡ. ಕ್ಯಾಮೆರಾ ಇಲ್ಲದಿದ್ದರೆ ಆ ಬೆಳಕಿನಲ್ಲಿ ಪೆನ್ನನ್ನು ಬೇಗಬೇಗ ಬೀಸಿ. ನಯವಾದ ಮಸುಕಿನ ಬದಲು ಬಿಡಿಬಿಡಿ ಪೆನ್ನುಗಳು ಕಂಡರೆ ಮಿನುಗಾಟ ಇದೆ. ತೆಳು ಪಟ್ಟೆ ಬಹುತೇಕ ಎಲ್ಲ ದೀಪಗಳಲ್ಲೂ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಹಳೇ ಡಿಮ್ಮರ್‌ಗೆ ಎಲ್‌ಇಡಿ ಹಾಕಿದೆ. ಗುಂಯ್ ಅನ್ನುತ್ತೆ, ಕಣ್ಣು ಮಿಟುಕಿಸುತ್ತೆ. ಏನು ಮಾಡಲಿ?

ಮೊದಲು ಬಲ್ಬಿನ ಮೇಲೆ ಡಿಮ್ಮಬಲ್ ಎಂದಿದೆಯೇ ನೋಡಿ. ಇಲ್ಲದಿದ್ದರೆ ಕೂಡಲೇ ತೆಗೆಯಿರಿ, ಡ್ರೈವರ್ ಸುಡಬಹುದು. ಇದ್ದೂ ಮಿಟುಕಿದರೆ ತೊಂದರೆ ಡಿಮ್ಮರ್‌ನ ಒಳಗಿನ ಎಲೆಕ್ಟ್ರಾನಿಕ್ ಸ್ವಿಚ್ ಆದ ಟ್ರಯಾಕ್‌ನದು. ಅದು ಹಿಡಿದು ನಿಲ್ಲಲು ಇಂತಿಷ್ಟು ಕರೆಂಟ್ ಬೇಕು, 9 ವಾಟಿನ ದೀಪ ಅಷ್ಟು ಎಳೆಯದು. ವಿದ್ಯುತ್ ಅಲೆಯ ಹಿಂತುದಿಯನ್ನು ಕತ್ತರಿಸುವ, ಎಲ್‌ಇಡಿಗೆಂದೇ ಮಾಡಿದ ಡಿಮ್ಮರ್ ಹಾಕಿಸಿ. ಹಳೆಯದನ್ನೇ ಉಳಿಸುವುದಾದರೆ ಅದರ ವಾಟ್ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟೇ ಎಲ್‌ಇಡಿ ಹಾಕುವುದು ಸಾಮಾನ್ಯ ಲೆಕ್ಕ: 400 ವಾಟ್ ಡಿಮ್ಮರ್‌ಗೆ 40 ವಾಟ್.

ಟ್ಯೂಬ್‌ಲೈಟ್ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬ್ ಹಾಕಬಹುದಾ? ಚೋಕ್ ತೆಗೀಬೇಕಾ?

ಟ್ಯೂಬ್‌ನ ಬಗೆಯ ಮೇಲಿದೆ. ಹಳೆಯ ಕಬ್ಬಿಣದ ಚೋಕ್ ಜೊತೆ ಕೆಲಸ ಮಾಡುವ ಟ್ಯೂಬ್‌ನೊಂದಿಗೆ ಸ್ಟಾರ್ಟರ್‌ನಂತೆಯೇ ಕಾಣುವ ಒಂದು ತುಂಡು ಕೊಟ್ಟಿರುತ್ತಾರೆ. ಅದರೊಳಗೆ ಫ್ಯೂಸ್ ಮಾತ್ರ ಇದೆ. ಹಳೆಯ ಸ್ಟಾರ್ಟರ್ ತೆಗೆದು ಇದನ್ನು ಹಾಕಬೇಕು. ಸ್ಟಾರ್ಟರ್ ಬದಲಿಸದೆ ಟ್ಯೂಬ್ ಹಾಕಿ ಕೆಟ್ಟಿತೆನ್ನುವವರು ಬಹಳ.

ನೇರ ವಿದ್ಯುತ್‌ಗೆ ಜೋಡಿಸುವ ಟ್ಯೂಬ್ ಆದರೆ ಮೇನ್ ಸ್ವಿಚ್ ಆರಿಸಿ, ಚೋಕ್ ಮತ್ತು ಸ್ಟಾರ್ಟರ್ ಎರಡನ್ನೂ ಕಳಚಿ. ಕೆಲವಕ್ಕೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಯ ಎರಡು ಪಿನ್‌ಗಳಿಗೆ, ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಟ್ಯೂಬ್ ಮೇಲಿನ ಚಿತ್ರ ನೋಡದೆ ಜೋಡಿಸಬೇಡಿ. ಒಂದೇ ತುದಿಯದನ್ನು ತಿರುವುಮುರುವು ಹಾಕಿದರೆ ಶಾರ್ಟ್ ಆಗಬಹುದು. ಎರಡು ತುದಿಯದರಲ್ಲಿ ಒಂದು ತುದಿ ಸಿಕ್ಕಿಸಿ ಇನ್ನೊಂದನ್ನು ಕೈಯಲ್ಲಿ ಹಿಡಿದಾಗ ಹೊರಗಿರುವ ಪಿನ್‌ಗೆ ವಿದ್ಯುತ್ ಬಂದಿರುವ ಸಾಧ್ಯತೆ ಇದೆ. ಸ್ವಿಚ್ ಸಾಲದು, ಮೇನ್ ಆರಿಸಿಯೇ ಹಾಕಿ. ಚೋಕ್ ತೆಗೆದ ಪಟ್ಟಿಯ ಮೇಲೆ ಹಾಗೆಂದು ಚೀಟಿ ಅಂಟಿಸಿ, ಮುಂದೆ ಯಾರಾದರೂ ಹಳೇ ಟ್ಯೂಬ್ ಸಿಕ್ಕಿಸದಂತೆ.

ಕೆಟ್ಟ ಬಲ್ಬ್ ಬಿಚ್ಚಿದೆ, ಒಂದು ಎಲ್‌ಇಡಿ ಮೇಲೆ ಕಪ್ಪು ಚುಕ್ಕೆ ಇದೆ. ಅದನ್ನ ಶಾರ್ಟ್ ಮಾಡಿದ್ರೆ ಸಾಕಾ?

ಬೆಳಗುತ್ತದೆ, ಎಷ್ಟು ದಿನ ಎಂಬುದು ಡ್ರೈವರ್ ಮೇಲೆ. ಕರೆಂಟನ್ನು ಸ್ಥಿರವಾಗಿಡುವ ಸ್ವಿಚಿಂಗ್ ಡ್ರೈವರ್ ಆಗಿದ್ದು, ಹತ್ತರಲ್ಲಿ ಒಂದು ಎಲ್‌ಇಡಿ ಕಡಿಮೆಯಾದರೆ ಸಾಮಾನ್ಯವಾಗಿ ತಡೆಯುತ್ತದೆ. ಬರಿ ಕೆಪಾಸಿಟರ್ ಅಥವಾ ಲೀನಿಯರ್ ಐಸಿ ಇರುವ ಅಗ್ಗದ ಬಗೆಯಲ್ಲಿ ಹೆಚ್ಚಾದ ವೋಲ್ಟೇಜ್‌ನ ಹೊರೆ ಉಳಿದ ಭಾಗಗಳ ಮೇಲೆ ಬಿದ್ದು ಮತ್ತೊಂದು ಬೇಗ ಹೋಗುತ್ತದೆ. ಶಾರ್ಟ್ ಮಾಡುವ ಬದಲು ಅದೇ ಅಳತೆ, ಅದೇ ವೋಲ್ಟೇಜ್‌ನ ಎಲ್‌ಇಡಿ ಹಾಕಿ. 2835 ಎಂಬ ಒಂದೇ ಅಳತೆಯಲ್ಲಿ 3, 6, 9, 18 ವೋಲ್ಟಿನವು ಇವೆ. ಮಲ್ಟಿಮೀಟರ್‌ನ ಡಯೋಡ್ ಪರೀಕ್ಷೆ 3 ವೋಲ್ಟ್ ದಾಟದಿರುವುದರಿಂದ 9ರ ಎಲ್‌ಇಡಿ ಸರಿಯಿದ್ದರೂ ಬೆಳಗದು.

ಅಲ್ಯೂಮಿನಿಯಂ ಹಲಗೆ ಬೆಸುಗೆಯ ಶಾಖವನ್ನೆಲ್ಲ ಎಳೆದುಕೊಳ್ಳುವುದರಿಂದ ಬೆಸುಗೆ ಹಾಕುವ ಕಡ್ಡಿಯ ತುದಿಯಿಂದ ಒಂದೆಡೆ ಕಾಯಿಸಿ ಬಿಡಿಸಲಾಗದು. ಹಲಗೆಯನ್ನು ಕೆಳಗಿನಿಂದ ಹಾಟ್‌ಪ್ಲೇಟ್ ಮೇಲೆ ಕಾಯಿಸಿ. ಬಿಚ್ಚುವ ಮೊದಲೊಂದು ಎಚ್ಚರಿಕೆ: 230 ವೋಲ್ಟ್ ವಿದ್ಯುತ್ತಿನಲ್ಲಿ ಒಳಗಿನ ಕೆಪಾಸಿಟರ್ ಸುಮಾರು 325 ವೋಲ್ಟ್‌ವರೆಗೆ ತುಂಬಿಕೊಂಡಿರುತ್ತದೆ. 10 ಕಿಲೊಓಮ್ ರೆಸಿಸ್ಟರನ್ನು ಅದರ ಎರಡು ಕಾಲುಗಳಿಗೆ ಕೆಲವು ಸೆಕೆಂಡ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡು ಮುಟ್ಟಿ. ಬಿಚ್ಚಿದ ಬಲ್ಬನ್ನು ಮುಚ್ಚಳವಿಲ್ಲದೆ ಉರಿಸಲೇಬೇಡಿ. ಅಗ್ಗದ ಡ್ರೈವರ್‌ಗಳಲ್ಲಿ ಎಲ್‌ಇಡಿ ಹಲಗೆಯ ತಾಮ್ರವೂ ನೇರ ಮೇನ್ಸ್‌ಗೆ ತಗುಲಿರುತ್ತದೆ.

ಎಲ್‌ಇಡಿ ಸ್ಟ್ರಿಪ್‌ನ ಆ ತುದಿ ಮಂಕಾಗಿ, ಕೆಂಪಾಗಿ ಕಾಣುತ್ತೆ. ಸ್ಟ್ರಿಪ್ ಕೆಟ್ಟಿದೆಯಾ?

ಇಲ್ಲ, ವೋಲ್ಟೇಜ್ ಅಲ್ಲಿಗೆ ಮುಟ್ಟುತ್ತಿಲ್ಲ. ಮೀಟರಿಗೆ 14.4 ವಾಟ್ ಇರುವ 12 ವೋಲ್ಟ್ ಸ್ಟ್ರಿಪ್ 5 ಮೀಟರಿಗೆ 72 ವಾಟ್, ಅಂದರೆ 6 ಆಂಪಿಯರ್. ಆ ತೆಳು ತಾಮ್ರದ ಪಟ್ಟಿಯಲ್ಲಿ ಇಷ್ಟು ಕರೆಂಟ್ ಹರಿದರೆ ಕೊನೆಯಲ್ಲಿ ಹತ್ತು ವೋಲ್ಟೂ ಉಳಿಯದಿರಬಹುದು. ಬಣ್ಣದ ಸ್ಟ್ರಿಪ್‌ನಲ್ಲಿ ಕಡಿಮೆ ವೋಲ್ಟೇಜ್ ಸಾಕಾಗುವ ಕೆಂಪು ಉಳಿದು, ನೀಲಿ ಹಸಿರು ಕುಗ್ಗುತ್ತವೆ. ಎರಡೂ ತುದಿಯಿಂದ ವಿದ್ಯುತ್ ಕೊಡಿ, ಅಥವಾ 24 ವೋಲ್ಟಿನದು ಕೊಳ್ಳಿ, ಕರೆಂಟ್ ಅರ್ಧವಾಗುತ್ತದೆ. 72 ವಾಟಿಗೆ 90 ವಾಟ್ ಸಪ್ಲೈ ಇರಲಿ. ಗುರುತು ಮಾಡಿದ ಗೆರೆಯಲ್ಲೇ ಕತ್ತರಿಸಿ. ಹೆಚ್ಚು ವಾಟಿನ ಸ್ಟ್ರಿಪನ್ನು ಮರದ ಮೇಲೆ ನೇರ ಅಂಟಿಸದೆ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂರಿಸಿ.

ಸ್ಮಾರ್ಟ್ ಬಲ್ಬ್ ಹಾಕಿದರೆ ವಿದ್ಯುತ್ ಉಳಿಯುತ್ತಾ?

ಅದು ಎಷ್ಟು ಹೊತ್ತು ಉರಿಯುತ್ತದೆ ಎಂಬುದರ ಮೇಲಿದೆ. ಆರಿದಾಗಲೂ ರೇಡಿಯೊ ಎಚ್ಚರವಾಗಿರಲು ಅರ್ಧ ವಾಟ್ ತಿನ್ನುವ ಬಲ್ಬ್ ವರ್ಷಕ್ಕೆ ಸುಮಾರು 4.4 ಯೂನಿಟ್ ಬಳಸುತ್ತದೆ. ದಿನಕ್ಕೆ ಒಂದೇ ಗಂಟೆ ಉರಿಯುವ 9 ವಾಟ್ ದೀಪದ ಬೆಳಕಿಗೆ ಬೇಕಾಗುವುದು 3.3 ಯೂನಿಟ್. ಉಗ್ರಾಣಕ್ಕೆ, ಅಪರೂಪಕ್ಕೆ ಬಳಸುವ ಕೋಣೆಗೆ ಮಾಮೂಲಿ ಬಲ್ಬೇ ಸರಿ.

## ಸ್ವಲ್ಪ ಆಳಕ್ಕೆ

ಎಲ್‌ಇಡಿಯ ನೀಲಿ ಬೆಳಕು ಕಣ್ಣು ಹಾಳು ಮಾಡುತ್ತೆ ಅಂತಾರೆ. ನಿಜಾನಾ?

ಎರಡು ಬೇರೆ ವಿಷಯಗಳನ್ನು ಜನ ಒಂದು ಮಾಡಿದ್ದಾರೆ. ಅಕ್ಷಿಪಟಕ್ಕೆ ಆಗುವ ಹಾನಿಯನ್ನು ಐಇಸಿ 62471 ಎಂಬ ಮಾನದಂಡದಡಿ ಅಳೆಯುತ್ತಾರೆ. ಮನೆಗೆಂದು ಸರಿಯಾಗಿ ಮಾಡಿದ, ಬೆಳಕು ಹರಡುವ ಮುಚ್ಚಳವಿರುವ ಬಲ್ಬ್‌ಗಳು ಅದರ ಕೆಳಗಿನ ಎರಡು ವರ್ಗಗಳಲ್ಲಿ ಬರುತ್ತವೆ. ಮಾಮೂಲಿ ಬಳಕೆಯಲ್ಲಿ ಹೆದರಬೇಕಿಲ್ಲ. ಮುಚ್ಚಳ ತೆಗೆದ ಪ್ರಖರ ಚಿಪ್ ಅನ್ನು ಹತ್ತಿರದಿಂದ ದಿಟ್ಟಿಸುವುದು ಮಾತ್ರ ಬೇಡ, ಮಕ್ಕಳಿಗಂತೂ ಬೇಡವೇ ಬೇಡ.

ಇನ್ನೊಂದು, ನಿದ್ದೆ. ಇದು ನಿಜವಾದ ಕಾಳಜಿ. ಕಣ್ಣಿನಲ್ಲಿ ನೋಟಕ್ಕಲ್ಲದೆ ಹಗಲು ಇರುಳನ್ನು ದೇಹಕ್ಕೆ ತಿಳಿಸುವುದಕ್ಕೆಂದೇ ಇರುವ ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ 480 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಹೊರಗೆ ಮೋಡವಿದ್ದ ಹಗಲಲ್ಲೂ ಸಾಮಾನ್ಯವಾಗಿ 10,000 ಲಕ್ಸ್ ದಾಟುತ್ತದೆ, ಒಳಗೆ 200-300. ಅಂದರೆ ನಾವು ಹಗಲಲ್ಲಿ ಕತ್ತಲಲ್ಲೂ ರಾತ್ರಿ ಬೆಳಕಲ್ಲೂ ಬದುಕುತ್ತಿದ್ದೇವೆ. ಮಲಗುವ ಎರಡು ಗಂಟೆ ಮೊದಲು ದೀಪದ ಬಣ್ಣ ಬೆಚ್ಚಗಾಗಿಸಿ, ಅದಕ್ಕಿಂತ ಮುಖ್ಯವಾಗಿ ಬೆಳಕನ್ನೇ ಕಡಿಮೆ ಮಾಡಿ. ಪ್ರಖರ ಹಳದಿಗಿಂತ ಮಂದ ಬಿಳಿ ಮೇಲು.

ಬೀದಿಗೆ ಎಲ್‌ಇಡಿ ಬಂದ ಮೇಲೆ ನಕ್ಷತ್ರಗಳೇ ಕಾಣಲ್ಲ. ದಕ್ಷ ದೀಪ ಅಂದ್ರೆ ಒಳ್ಳೇದಲ್ವಾ?

ದಕ್ಷತೆ ಒಳ್ಳೆಯದು. ಉಳಿದ ವಿದ್ಯುತ್ತಿನಲ್ಲಿ ಇನ್ನಷ್ಟು ಬೆಳಕು ಸುರಿಯುವುದು ಒಳ್ಳೆಯದಲ್ಲ. ಗಾಳಿಯ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. 450 ನ್ಯಾನೊಮೀಟರಿನ ನೀಲಿ, 600ರ ಕಿತ್ತಳೆಗಿಂತ ಮೂರು ಪಟ್ಟು ಹೆಚ್ಚು ಚದುರುತ್ತದೆ. ಆದ್ದರಿಂದಲೇ ತಣ್ಣನೆ ಬಿಳಿ ಬೀದಿದೀಪ ಆಕಾಶವನ್ನು ಬೆಳಗುತ್ತದೆ. ಇರುಳ ಬೆಳಕನ್ನು ಅಳೆಯುವ ಮುಖ್ಯ ಉಪಗ್ರಹ ಉಪಕರಣ ವಿಐಐಆರ್‌ಎಸ್‌ಗೆ 500 ನ್ಯಾನೊಮೀಟರಿಗಿಂತ ಕೆಳಗಿನದು ಕಾಣದು. ಹಾಗಾಗಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ ಊರು ಮೇಲಿನಿಂದ ಮಂಕಾದಂತೆ ದಾಖಲಾಗಬಹುದು, ನೆಲದಲ್ಲಿ ನಿಂತವರಿಗೆ ಆಕಾಶ ಬೆಳ್ಳಗಾಗಿದ್ದರೂ.

ಬೇಕಾದದ್ದು ಇಷ್ಟು: 3000 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ, ಅಡ್ಡಕ್ಕೂ ಮೇಲಕ್ಕೂ ಬೆಳಕು ಬಿಡದ ಚಪ್ಪಟೆ ಮುಚ್ಚಳ, ನಡುರಾತ್ರಿಯ ನಂತರ ಅರ್ಧಕ್ಕೆ ಇಳಿಸುವ ವ್ಯವಸ್ಥೆ. ಎಲ್‌ಇಡಿಯನ್ನು ಕ್ಷಣದಲ್ಲಿ ಇಳಿಸಿ ಏರಿಸಬಹುದು. ಸೋಡಿಯಂ ದೀಪಕ್ಕೆ ಹೊತ್ತಿಕೊಳ್ಳಲೇ ನಿಮಿಷಗಳು ಬೇಕಿತ್ತು. ಈ ಅನುಕೂಲವನ್ನು ಬಳಸದೆ ಬಿಡುವುದು ದೊಡ್ಡ ನಷ್ಟ.

ಗಿಡ ಬೆಳೆಸೋ ದೀಪಕ್ಕೆ ಎಷ್ಟು ಲ್ಯೂಮೆನ್ ಇರಬೇಕು?

ಲ್ಯೂಮೆನ್ ಮನುಷ್ಯರ ಕಣ್ಣಿನ ಅಳತೆ, ಗಿಡಕ್ಕೆ ಅದು ಸಂಬಂಧವಿಲ್ಲ. ಗಿಡಕ್ಕೆ 400ರಿಂದ 700 ನ್ಯಾನೊಮೀಟರ್ ನಡುವಿನ ಫೋಟಾನ್‌ಗಳ ಎಣಿಕೆ ಬೇಕು. ಅದನ್ನು ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೊಮೋಲ್ ಎನ್ನುತ್ತಾರೆ. ಸಸಿಗಳಿಗೆ 100ರಿಂದ 300 ಸಾಕು, ಹಣ್ಣು ಬಿಡುವ ಗಿಡಗಳಿಗೆ 400 ದಾಟಬೇಕು. ದಿನದ ಮೊತ್ತ ತಿಳಿಯಲು ಅದನ್ನು ಗಂಟೆಗಳಿಂದಲೂ 3600ರಿಂದಲೂ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿ: 250ರಂತೆ 16 ಗಂಟೆ ಎಂದರೆ 14.4 ಮೋಲ್, ಸೊಪ್ಪಿಗೆ ಒಳ್ಳೆಯ ಪ್ರಮಾಣ. ನೀಲಿ ಕೆಂಪು ಎರಡೇ ಇರುವ ನೇರಳೆ ದೀಪದಡಿ ಎಲೆಯ ರೋಗ ಗುರುತಿಸುವುದು ಕಷ್ಟ. ಬಿಳಿಗೆ 660ರ ಕೆಂಪು ಸೇರಿಸಿದ ದೀಪ ನಮ್ಮ ಆಯ್ಕೆ.

ಇನ್ನು ಎಷ್ಟರ ಮಟ್ಟಿಗೆ ಸುಧಾರಿಸಬಹುದು? ಮಿತಿ ಅಂತ ಇದೆಯಾ?

ಇದೆ. ಒಂದು ವಾಟ್ ಬೆಳಕನ್ನೆಲ್ಲ ಕಣ್ಣು ಅತಿ ಹೆಚ್ಚು ಗ್ರಹಿಸುವ 555 ನ್ಯಾನೊಮೀಟರ್ ಹಸಿರಾಗಿಸಿದರೆ 683 ಲ್ಯೂಮೆನ್. ಬಣ್ಣಗಳನ್ನು ಚೆನ್ನಾಗಿ ತೋರಿಸುವ ಬಿಳಿಗೆ ಮಿತಿ ಸುಮಾರು 300ರಿಂದ 350. ಈಗಾಗಲೇ 200 ದಾಟಿದ ಬಲ್ಬ್‌ಗಳಿವೆ. ಅವುಗಳ ಗುಟ್ಟು ಹೊಸ ಚಿಪ್‌ಗಿಂತ ಹೆಚ್ಚಾಗಿ ಬಹಳಷ್ಟು ಚಿಪ್‌ಗಳನ್ನು ಕಡಿಮೆ ಕರೆಂಟ್‌ನಲ್ಲಿ ಓಡಿಸುವುದು. ಕರೆಂಟ್ ಏರಿದಂತೆ ಗ್ಯಾಲಿಯಂ ನೈಟ್ರೈಡ್‌ನ ದಕ್ಷತೆ ಇಳಿಯುತ್ತದೆ. ಎಲೆಕ್ಟ್ರಾನ್‌ಗಳು ಕಿಕ್ಕಿರಿದಾಗ ಒಂದರ ಶಕ್ತಿ ಫೋಟಾನ್ ಆಗುವ ಬದಲು ಪಕ್ಕದ ಎಲೆಕ್ಟ್ರಾನ್‌ಗೆ ದಾಟಿ ಬಿಸಿಯಾಗಿ ಮುಗಿಯುವುದು ಇದಕ್ಕೆ ಮುಖ್ಯ ಕಾರಣ. ಇದು ಓಜೆ ಮರುಸಂಯೋಗ.

ಇನ್ನೊಂದು ನಷ್ಟ ಫಾಸ್ಫರ್‌ನದು. 450ರ ಫೋಟಾನ್ ನುಂಗಿ 560ರದ್ದನ್ನು ಬಿಟ್ಟಾಗ, ಚಿಪ್ ಮತ್ತು ಫಾಸ್ಫರ್ ಎರಡೂ ಪರಿಪೂರ್ಣವಾಗಿದ್ದರೂ, 20 ಪ್ರತಿಶತ ಶಕ್ತಿ ಬಿಸಿಗೆ ಹೋಗುತ್ತದೆ. ಫಾಸ್ಫರ್ ಬಿಟ್ಟು ಕೆಂಪು, ಹಸಿರು, ನೀಲಿ ಚಿಪ್‌ಗಳನ್ನೇ ಬೆರೆಸಿದರೆ ಈ ನಷ್ಟ ತಪ್ಪುತ್ತದೆ. ಆದರೆ ನೀಲಿಯಲ್ಲಿ ಗೆದ್ದ ವಸ್ತುವಿಗೆ ಇಂಡಿಯಂ ಹೆಚ್ಚಿಸಿ ಹಸಿರಿನತ್ತ ತಂದಂತೆ ಹರಳು ಸೆಳೆತಕ್ಕೆ ಸಿಕ್ಕಿ ದಕ್ಷತೆ ಕುಸಿಯುತ್ತದೆ. ಕೆಂಪಿನ ವಸ್ತುವನ್ನು ಆ ಕಡೆಯಿಂದ ಹಸಿರಿಗೆ ತಂದರೂ ಅದೇ ಕಥೆ. ಕಣ್ಣು ಅತಿ ಚೆನ್ನಾಗಿ ಕಾಣುವ 530ರಿಂದ 590 ನ್ಯಾನೊಮೀಟರ್ ನಡುವೆಯೇ ಈ ಕಂದಕ ಇದೆ. ಪ್ರಯೋಗಾಲಯಗಳು ಇದನ್ನು ಹಸಿರು ಕಂದಕ ಎಂದೇ ಕರೆದು ಅದನ್ನು ಮುಚ್ಚಲು ಕೆಲಸ ಮಾಡುತ್ತಿವೆ.